ಲಾರ್ಕ್‌ಸ್ಪರ್ ಕ್ಲೋಸಿನ ಹನ್ನೊಂದು ಬಾಗಿಲುಗಳು: ಲಾರ್ನಾ ಪೆಟಿಫರ್ ಅವರ ನಲವತ್ತೆರಡು ವರ್ಷಗಳು

ಈ ಲೇಖನ ಮೂರು ವಾರ ನನ್ನ ಮೇಜಿನ ಮೇಲೆ, ನಡುವೆ ಒಂದು ಖಾಲಿ ಜಾಗವನ್ನು ಇಟ್ಟುಕೊಂಡು ಕುಳಿತಿತ್ತು. ಅಲ್ಲಿ ಏನು ಬರಬೇಕೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅದು ಮೂರು ವರ್ಷದಿಂದ ನನ್ನ ದಿನಚರಿಯಲ್ಲಿ ಬೇರೆ ಬೇರೆ ತಾರೀಖುಗಳ ಕೆಳಗೆ, ಬೇರೆ ಬೇರೆ ಮಾತುಗಳಲ್ಲಿ ಬರೆದೇ ಇದೆ. ಆದರೆ ಕ್ರಾನ್‌ಫೋಲ್ಡ್ ಇತಿಹಾಸ ಸಂಘದವರು ಈ ಅಭಿನಂದನ ಸಂಪುಟದ ವಿಚಾರ ಎತ್ತಿದ ದಿನವೇ ಲಾರ್ನಾ ಪೆಟಿಫರ್ ಅವರು ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟು ಒಂದು ಷರತ್ತು ಹಾಕಿಬಿಟ್ಟರು.

"ನನ್ನ ಮುಖದೆದುರು ಹೇಳದೇ ಇರೋದನ್ನ ಯಾರೂ ಪುಸ್ತಕದಲ್ಲಿ ಬರೀಬಾರದು. ಹೊಗಳಿದ್ರೂ ಅಷ್ಟೇ, ಬೈದ್ರೂ ಅಷ್ಟೇ. ಮೊದ್ಲು ಬಾಯಲ್ಲಿ, ಆಮೇಲೆ ಅಚ್ಚಲ್ಲಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗುತ್ತಲೇ, ಇನ್ನು ನನ್ನ ಗತಿ ಏನು ಎಂದುಕೊಂಡೆ. ನನ್ನ ಮಾತು ಸಂಜೆ ದಿನಚರಿಯೊಳಗೆ ಸಲೀಸಾಗಿ ಬರುತ್ತದೆ; ಹಗಲು ಹೊತ್ತಿನಲ್ಲಿ, ಎದುರಿಗೆ ಒಂದು ಮುಖವಿದ್ದಾಗ, ಬರುವುದಿಲ್ಲ. ಆ ಖಾಲಿ ಜಾಗ ಈಗ ತುಂಬಿದೆ. ಹೇಗೆ ತುಂಬಿತೆಂಬುದನ್ನು ಕೊನೆಗೆ ಹೇಳುತ್ತೇನೆ.

ಇಂಗ್ಲೆಂಡಿನ ಚುನಾವಣೆಗಳ ಚರಿತ್ರೆ ಬರೆಯುವವರು ಗೆದ್ದವರ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ, ಸೋತವರ ಹೆಸರನ್ನು ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ. ಮತಪತ್ರಕ್ಕೆ ಗುರುತು ಹಾಕುವ ಪೆನ್ಸಿಲು ಕಳೆಯದಂತೆ ಮತಗಟ್ಟೆಯಲ್ಲಿ ಅದಕ್ಕೆ ದಾರ ಕಟ್ಟಿದವರ ಹೆಸರನ್ನು ಯಾವ ಅಕ್ಷರದಲ್ಲೂ ಹಾಕುವುದಿಲ್ಲ. ನಮ್ಮ ಕ್ರಾನ್‌ಫೋಲ್ಡ್ ಮತ್ತು ಮಾರ್ಲ್ ಹಿಲ್ ಸಂಸತ್ ಕ್ಷೇತ್ರದಲ್ಲಿ ಆ ದಾರವನ್ನು ನಲವತ್ತೆರಡು ವರ್ಷ ಕಟ್ಟಿದವರು ಶ್ರೀಮತಿ ಲಾರ್ನಾ ಪೆಟಿಫರ್. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪುರಸಭೆಯ ಚುನಾವಣಾ ವಿಭಾಗಕ್ಕೆ ಬೆರಳಚ್ಚುಗಾರ್ತಿಯಾಗಿ ಬಂದು, ಅದೇ ವಿಭಾಗದ ಮುಖ್ಯಸ್ಥೆಯಾಗಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಅವರು, ಹತ್ತು ಮಹಾಚುನಾವಣೆಗಳನ್ನೂ ಎಣಿಸಲಾಗದಷ್ಟು ವಾರ್ಡು ಚುನಾವಣೆಗಳನ್ನೂ ನಡೆಸಿದ್ದಾರೆ. ಅವರು ಯಾರಿಗೆ ಮತ ಹಾಕುತ್ತಾರೆಂಬುದು ಅವರ ಗಂಡನಿಗೂ ತಿಳಿಯದು.

ಅವರ ಕಛೇರಿಯಲ್ಲಿ ಒಂದು ಕಟ್ಟಳೆ ಇದೆ. ಯಾವುದೇ ಪಕ್ಷದ ಹೆಸರು ಬಾಯಿಂದ ಬಿದ್ದರೆ, ಬೀಳಿಸಿದವರು ಅಂದು ಎಲ್ಲರಿಗೂ ಚಹಾ ಮಾಡಿಕೊಡಬೇಕು. ಹೀಗಾಗಿ ಅಲ್ಲಿ 'ಅವರು' ಮತ್ತು 'ಇವರು' ಎಂಬ ಎರಡೇ ಪಕ್ಷಗಳಿವೆ. ಮೂರನೆಯವರಿಗೆ 'ಪಾಪ, ಅವರೂ ಇದ್ದಾರೆ' ಎಂದು ಹೆಸರು. ಈ ಲೇಖನದಲ್ಲೂ ನಾನು ಅದೇ ಕಟ್ಟಳೆಯನ್ನು ಪಾಲಿಸುತ್ತೇನೆ. ಚಹಾ ಮಾಡಲು ನನಗೆ ಬೇಸರವಿಲ್ಲ, ಆದರೆ ಈ ಸಂಪುಟದ ಓದುಗರೆಲ್ಲರಿಗೂ ಮಾಡಬೇಕಾದೀತು.

ನಾನು ಇತಿಹಾಸದಲ್ಲಿ ಪದವಿ ಪಡೆದವಳು. ಆದರೂ ನಾನು ಹುಟ್ಟಿ ಬೆಳೆದ ಈ ಕ್ಷೇತ್ರದ ಇತಿಹಾಸವನ್ನು ಕಲಿತದ್ದು ಲಾರ್ನಾ ಅವರ ಕಪಾಟಿನ ಹಳೆಯ ಮತದಾರರ ಪಟ್ಟಿಗಳಿಂದ. ಸೇಬಿನ ತೋಟಗಳೂ ಇಟ್ಟಿಗೆ ಗೂಡುಗಳೂ ಇದ್ದ ಕಡೆ ರೈಲು ಬಂತು; ರೈಲಿನ ಹಿಂದೆಯೇ ಒಂದಕ್ಕೊಂದು ಅಂಟಿಕೊಂಡ ಜೋಡಿಮನೆಗಳು ಬಂದವು; ಮನೆಗಳು ಸಾಕಷ್ಟಾದ ಮೇಲೆ, ಯುದ್ಧ ಮುಗಿದು ಐದು ವರ್ಷಕ್ಕೆ, ನಮಗೊಬ್ಬ ಸಂಸದ ಬೇಕೆಂದು ಲಂಡನ್ನಿನವರಿಗೂ ಅನ್ನಿಸಿತು. ಮೊದಲು ಗೆದ್ದವರು ವಿಂಗ್ ಕಮಾಂಡರ್ ಆಲ್ಡರ್‌ಷಾ ಎಂಬ ದೊಡ್ಡ ಮೀಸೆಯ ಮನುಷ್ಯ, 'ಅವರ' ಕಡೆಯವರು. ಇಪ್ಪತ್ತನಾಲ್ಕು ವರ್ಷ ಅವರು ಹಬ್ಬಕ್ಕೊಮ್ಮೆ ಬಂದು ಕುಂಬಳಕಾಯಿ ಸ್ಪರ್ಧೆಗೆ ಬಹುಮಾನ ಕೊಟ್ಟು ಹೋಗುತ್ತಿದ್ದರಂತೆ, ಗೆಲ್ಲಲು ಅಷ್ಟು ಸಾಕಿತ್ತಂತೆ. ಅಷ್ಟರಲ್ಲಿ ರೈಲುಹಳಿಯ ದಕ್ಷಿಣಕ್ಕೆ, ಮಾರ್ಲ್ ಹಿಲ್‌ನಲ್ಲಿ, ಪುರಸಭೆಯ ಬಾಡಿಗೆ ಮನೆಗಳು ಎದ್ದವು. ಒಂದೇ ವರ್ಷದಲ್ಲಿ ಎರಡು ಮಹಾಚುನಾವಣೆ ನಡೆದ ಆ ಎಪ್ಪತ್ತನಾಲ್ಕರಲ್ಲಿ, ಚಳಿಗಾಲದಲ್ಲಿ ಮೂರು ಸಲ ಎಣಿಸಿದ ಮೇಲೆ ಹತ್ತೊಂಬತ್ತು ಮತಗಳಿಂದ 'ಇವರು' ಗೆದ್ದರು, ಶರತ್ಕಾಲದಲ್ಲಿ 'ಅವರು' ವಾಪಸು ಕಿತ್ತುಕೊಂಡರು. ಅಂದಿನಿಂದ ನಮ್ಮದು ಯಾವಾಗ ಯಾರ ಕಡೆ ವಾಲುತ್ತದೆಂದು ಹೇಳಲಾಗದ ಕ್ಷೇತ್ರ. ಹಳಿಯ ಉತ್ತರದವರಿಗೆ ದಕ್ಷಿಣದವರು ಗದ್ದಲದವರು, ದಕ್ಷಿಣದವರಿಗೆ ಉತ್ತರದವರು ಜಂಬದವರು. ನಡುವೆ ಒಂದು ರೈಲುಸೇತುವೆ, ಸೇತುವೆಯ ಕೆಳಗೆ ಇಬ್ಬರೂ ಸಾಲು ನಿಲ್ಲುವ ಒಂದೇ ಮೀನಿನ ಅಂಗಡಿ.

ಲಾರ್ನಾ ಅವರು ಸೇರಿದ ಕಾಲದಲ್ಲಿ ಮತ ಎಣಿಸಲು ಬ್ಯಾಂಕಿನ ಗುಮಾಸ್ತರನ್ನು ಕರೆಸುತ್ತಿದ್ದರು. ನೋಟು ಎಣಿಸಿ ಪಳಗಿದ ಬೆರಳು ಮತಪತ್ರಕ್ಕೂ ಒಗ್ಗುತ್ತದೆಂಬುದು ನಂಬಿಕೆ. ಬರುಬರುತ್ತಾ ಹೈಸ್ಟ್ರೀಟಿನ ಐದು ಬ್ಯಾಂಕುಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಕೊನೆಯದು ಈಗ ನಾಯಿಗಳ ಕ್ಷೌರದಂಗಡಿ. ಲಾರ್ನಾ ಎದೆಗುಂದಲಿಲ್ಲ. ಹೆಣಿಗೆ ಸಂಘದ ಹೆಂಗಸರನ್ನೂ ಬೇಕರಿಯಲ್ಲಿ ಪೇಸ್ಟ್ರಿ ಮಡಿಸುವ ಹುಡುಗಿಯರನ್ನೂ ಗ್ರಂಥಾಲಯದವರನ್ನೂ ಕರೆಸಿ, ಇಸ್ಪೀಟು ಕಟ್ಟೊಂದನ್ನು ಕೈಗೆ ಕೊಟ್ಟು, ಎಷ್ಟು ಬೇಗ ಹಂಚುತ್ತಾರೆಂದು ನೋಡಿ ಆರಿಸಿದರು. ನಮ್ಮಲ್ಲಿ ಎಣಿಕೆ ಮರುದಿನ ಬೆಳಿಗ್ಗೆ, ಒಳಾಂಗಣ ಕ್ರೀಡಾಂಗಣದಲ್ಲಿ, ಬಿಸಿ ಬನ್ನಿನ ವಾಸನೆಯ ನಡುವೆ ನಡೆಯುತ್ತದೆ. ಆ ಹೊಸ ತಂಡ ಮೊದಲ ಸಲ ಕೂತ ವರ್ಷ ನಮ್ಮ ಫಲಿತಾಂಶ ಹಳೆಯ ಗುಮಾಸ್ತರ ಕಾಲಕ್ಕಿಂತ ನಲವತ್ತು ನಿಮಿಷ ಮೊದಲೇ ಬಂದಿತು.

ಅನುಮಾನದ ಮತಪತ್ರಗಳನ್ನು ತೀರ್ಮಾನಿಸುವ ಹೊತ್ತಿನಲ್ಲಿ ಅವರನ್ನು ನೋಡಬೇಕು. ಒಮ್ಮೆ ಒಬ್ಬ ಮತದಾರ ಅಡ್ಡಗೀಟು ಹಾಕಬೇಕಾದ ಚೌಕದಲ್ಲಿ ಪುಟ್ಟದೊಂದು ಹೃದಯ ಬರೆದಿದ್ದ. ಎದುರು ಪಕ್ಷದ ಏಜೆಂಟರಾದ ಶ್ರೀ ಕ್ವಿಲ್ಟರ್ ಅವರಿಗೆ ಕೆಂಡದಂಥ ಕೋಪ.

"ಇದೇನು ಪ್ರೇಮಪತ್ರವೇನ್ರೀ? ತೆಗೀರಿ ಆಚೆ!"

"ಮಿಸ್ಟರ್ ಕ್ವಿಲ್ಟರ್," ಎಂದರಂತೆ ಲಾರ್ನಾ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಗುರುತು ಹ್ಯಾಗಾದ್ರೂ ಇರ್ಲಿ, ಮನಸ್ಸು ಕಾಣ್ಬೇಕು ಅಷ್ಟೇ. ಇದ್ರಲ್ಲಿ ಕಾಣ್ತಾ ಇದೆ. ನಿಮ್ಮವ್ರಿಗೂ ಯಾರಾದ್ರೂ ಹೃದಯ ಬರೆದಿದ್ರೆ ತಗೊಂಬನ್ನಿ, ಅದನ್ನೂ ಎಣಿಸ್ತೀನಿ."

ಕ್ವಿಲ್ಟರ್ ಅವರು ಇಡೀ ಕ್ರೀಡಾಂಗಣದಲ್ಲಿ ಹುಡುಕಿದರು. ಒಂದೂ ಸಿಕ್ಕಲಿಲ್ಲ.

ಕ್ಷೇತ್ರಗಳ ಗಡಿಯನ್ನು ಮತ್ತೆ ಎಳೆಯುವ ಆಯೋಗದವರು ಮಾರ್ಲ್ ಹಿಲ್ಲನ್ನು ನಮ್ಮಿಂದ ಕತ್ತರಿಸಿ ಪಕ್ಕದ ಕ್ಷೇತ್ರಕ್ಕೆ ಅಂಟಿಸಲು ಹೊರಟಾಗ, ಗ್ರಂಥಾಲಯದಲ್ಲಿ ನಡೆದ ಅಹವಾಲು ಸಭೆಯ ಕಥೆಯನ್ನು ಇಲ್ಲಿ ಬಿಡುವಂತಿಲ್ಲ. ಮೂವತ್ತು ವರ್ಷ ಪರಸ್ಪರ ಮುಖ ಸಿಂಡರಿಸಿದ ಎರಡೂ ಕಡೆಯವರು ಅಂದು ಒಟ್ಟಿಗೆ ಬಂದು ಕುಳಿತಿದ್ದರು. ಲಾರ್ನಾ ರಾಜಕೀಯದ ಮಾತೇ ಎತ್ತಲಿಲ್ಲ. ಒಂದು ನಕ್ಷೆಯನ್ನು ಗೋಡೆಗೆ ಅಂಟಿಸಿ, ಮಾರ್ಲ್ ಹಿಲ್‌ನ ಮಕ್ಕಳು ಯಾವ ಶಾಲೆಗೆ ಬರುತ್ತಾರೆ, ಯಾವ ಬಸ್ಸು ಹತ್ತುತ್ತಾರೆ, ಶುಕ್ರವಾರ ಮೀನನ್ನು ಎಲ್ಲಿ ಕೊಳ್ಳುತ್ತಾರೆ ಎಂಬುದನ್ನು ನೂಲೆಳೆದು ತೋರಿಸಿದರು. ನೂಲುಗಳೆಲ್ಲವೂ ಸೇತುವೆಯ ಕೆಳಗೇ ಹಾದು ಹೋಗುತ್ತಿದ್ದವು. ಆಮೇಲೆ ಉತ್ತರದ ಕಡೆಯ ವಯಸ್ಸಾದ ದರ್ಜಿಯೊಬ್ಬರು ಎದ್ದು ನಿಂತರು.

"ಸ್ವಾಮಿ, ಆ ಮಾರ್ಲ್ ಹಿಲ್‌ನೋರನ್ನ ಕಂಡ್ರೆ ನನಗಾಗಲ್ಲ. ಆದ್ರೆ ಬೈಯೋಕಾದ್ರೂ ಅವ್ರು ನಮ್ಮ ಜೊತೇಲಿ ಇರ್ಬೇಕಲ್ಲ? ಪಕ್ಕದ ಕ್ಷೇತ್ರದೋರಿಗೆ ಅವ್ರನ್ನ ಸರಿಯಾಗಿ ಬೈಯೋಕೂ ಬರಲ್ಲ."

ದಕ್ಷಿಣದವರೇ ಹೆಚ್ಚು ಜೋರಾಗಿ ಚಪ್ಪಾಳೆ ತಟ್ಟಿದರಂತೆ. ಮಾರ್ಲ್ ಹಿಲ್ ನಮ್ಮಲ್ಲೇ ಉಳಿಯಿತು.

ಇನ್ನು ಖಾಲಿ ಜಾಗದ ವಿಷಯ.

ಪ್ರತಿ ಶರತ್ಕಾಲದಲ್ಲಿ ಪುರಸಭೆಯವರು ಮತದಾರರ ಪಟ್ಟಿಯನ್ನು ಸರಿಪಡಿಸುತ್ತಾರೆ. ಆಗಸ್ಟಿನಲ್ಲಿ ಮನೆಮನೆಗೂ ಕಾಗದ ಹೋಗುತ್ತದೆ. ಕಾಗದಕ್ಕೆ ಉತ್ತರ ಕೊಡದ ಮನೆಗಳಿಗೆ ಒಬ್ಬರು ನಡೆದು ಹೋಗಿ, ಬಾಗಿಲು ತಟ್ಟಿ, ಒಳಗೆ ಯಾರಿದ್ದಾರೆಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡು ಬರಬೇಕು. ಮೂರು ವರ್ಷದ ಹಿಂದೆ, ಪದವಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಲಾರ್ನಾ ಅವರು ಆ ಕೆಲಸಕ್ಕೆ ತೆಗೆದುಕೊಂಡರು. ಸಂದರ್ಶನದಲ್ಲಿ ನಾನು ಆಡಿದ್ದು ಒಟ್ಟು ಒಂಬತ್ತು ಮಾತು. ದಿನಚರಿಯಲ್ಲಿ ಎಣಿಸಿ ಬರೆದಿದ್ದೇನೆ. "ಮಾತು ಕಮ್ಮಿ, ಅಕ್ಷರ ಚೆನ್ನಾಗಿದೆ. ಸಾಕು ಮರಿ," ಎಂದರು ಅವರು.

ಲಾರ್ಕ್‌ಸ್ಪರ್ ಕ್ಲೋಸ್ ಎಂಬುದು ಕ್ರಾನ್‌ಫೋಲ್ಡಿನ ತುದಿಯಲ್ಲಿರುವ, ಒಳಗೆ ಹೋದರೆ ಬಂದ ದಾರಿಯಲ್ಲೇ ಹೊರಗೆ ಬರಬೇಕಾದ ಬೀದಿ. ಅಲ್ಲಿ ನಾನು ತಟ್ಟಬೇಕಾಗಿದ್ದುದು ಹನ್ನೊಂದು ಬಾಗಿಲು. ಮೊದಲ ಮನೆಯ ಗೇಟಿನ ಚಿಲಕಕ್ಕೆ ಕೈ ಹಾಕಿದೆ. ಎದುರು ಮನೆಯ ಕಿಟಕಿಯ ಪರದೆ ಅಲುಗಿತು. ಕೈ ತೆಗೆದೆ. ಇನ್ನೊಂದು ಸುತ್ತು ಹಾಕಿ ಬರೋಣವೆಂದು ಹೊರಟವಳು ಬೀದಿಯ ಬಾಯಲ್ಲಿದ್ದ ಬಸ್ ತಂಗುದಾಣದಲ್ಲಿ ಕುಳಿತುಬಿಟ್ಟೆ. ಕುಳಿತು, ಹನ್ನೊಂದು ಮನೆಗಳ ಮುಂದೆಯೂ ಚೆಂದದ ಅಕ್ಷರದಲ್ಲಿ 'ಉತ್ತರವಿಲ್ಲ' ಎಂದು ಬರೆದೆ. ನಂಬುವಂತಿರಲೆಂದು ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ನಾಲ್ಕು ನಿಮಿಷ ಅಂತರವಿಟ್ಟು ಹೊತ್ತನ್ನೂ ಹಾಕಿದೆ. ಮಿಕ್ಕ ಬೀದಿಗಳಲ್ಲಿ ಹೇಗೋ ತಟ್ಟಿದೆ. ಅಲ್ಲಿ ಮಾತ್ರ ತಟ್ಟಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಮಹಾಚುನಾವಣೆ ಬಂತು. ಸ್ಕೌಟು ಹುಡುಗರು ಸೇರುವ ಮರದ ಹಲಗೆಯ ಮನೆಯಲ್ಲಿ ನಮ್ಮ ಮತಗಟ್ಟೆ. ಪಟ್ಟಿ ಹಿಡಿದು ಹೆಸರಿಗೆ ಗೀಟು ಹಾಕುವವಳು ನಾನು. ಬೆಳಿಗ್ಗೆ ಎಂಟಕ್ಕೆ ಬೂದು ಬಣ್ಣದ ಸೂಟು, ಟೈ, ಹ್ಯಾಟು ತೊಟ್ಟ ಎತ್ತರದ ಮುದುಕರೊಬ್ಬರು ಬಂದರು. ಗುರುತಿಗೆಂದು ಹಿರಿಯರ ಬಸ್ ಪಾಸನ್ನು ಮೇಜಿನ ಮೇಲೆ ಇಸ್ಪೀಟಿನ ಎಕ್ಕದಂತೆ ಇಟ್ಟರು.

"ಕತ್‌ಬರ್ಟ್ ಡೇಕರ್ಸ್. ಒಂಬತ್ತನೇ ನಂಬರು, ಲಾರ್ಕ್‌ಸ್ಪರ್ ಕ್ಲೋಸ್. ಮೂವತ್ತು ವರ್ಷ ಬಸ್ ಓಡಿಸ್ದೋನು ನಾನು, ಈಗ ಪುಗಸಟ್ಟೆ ಕೂತ್ಕೊಂಡು ಹೋಗ್ತೀನಿ. ನೋಡು ಮಗಳೇ, ಫೋಟೋದಲ್ಲಿ ಇನ್ನೂ ಚೆನ್ನಾಗಿದೀನಿ."

ಪಟ್ಟಿಯಲ್ಲಿ ಒಂಬತ್ತನೆಯ ನಂಬರಿನಲ್ಲಿ ಹಳೆಯ ಮಾಲೀಕರ ಹೆಸರಿತ್ತು. ಡೇಕರ್ಸ್ ಎಂಬ ಹೆಸರು ಇರಲಿಲ್ಲ. ಮೂರು ಸಲ ನೋಡಿದೆ. ಜಮೈಕಾದಿಂದ ಹುಡುಗನಾಗಿದ್ದಾಗ ಬಂದು, ಮತದ ವಯಸ್ಸಾದಾಗಿನಿಂದ ಒಂದೂ ಚುನಾವಣೆ ತಪ್ಪಿಸದ ಅವರು, ಮಗಳ ಮನೆಗೆ ಹತ್ತಿರವಾಗಲೆಂದು ಹಿಂದಿನ ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದಿದ್ದರು. ಆಗಸ್ಟಿನ ಕಾಗದ ಅವರು ಬರುವ ಮೊದಲೇ ಬಂದು ಹೋಗಿತ್ತು. ಉಳಿದಿದ್ದುದು ಬಾಗಿಲು ತಟ್ಟುವ ಕೈ ಒಂದೇ.

"ಮತದಾರರ ಚೀಟಿ ಬರ್ಲಿಲ್ಲ, ಹಳೇ ಮನೆಗೆ ಹೋಗಿರ್ಬೇಕು ಅಂದ್ಕೊಂಡೆ," ಎಂದರು ಅವರು. "ಪುರಸಭೆಯೋರು ಮನೆ ಹತ್ರ ಬಂದು ಕೇಳ್ತಾರಲ್ಲ? ಎಲ್ಲಾ ಕಡೆ ಬರ್ತಾರೆ. ನಾನು ಮನೇಲೇ ಇದ್ದೆ, ಶರತ್ಕಾಲವೆಲ್ಲ ಗೋಡೆಗೆ ಬಣ್ಣ ಬಳೀತಾ."

ನಾನು ಪಟ್ಟಿಯನ್ನು ಮತಗಟ್ಟೆಯ ಮೇಲ್ವಿಚಾರಕರ ಕಡೆ ಸರಿಸಿದೆ. ಮೇಲ್ವಿಚಾರಕರು ಲಾರ್ನಾ ಅವರಿಗೆ ಫೋನು ಮಾಡಿದರು. ಕಾಲು ಗಂಟೆಯಲ್ಲಿ ಅವರು ಬಂದರು. ಕಾನೂನಿನಂತೆ ಪಟ್ಟಿಯಲ್ಲಿಲ್ಲದವರಿಗೆ ಮತಪತ್ರ ಕೊಡುವಂತಿಲ್ಲ. ಅದನ್ನು ಅವರು ಸುತ್ತಿ ಬಳಸದೆ ಹೇಳಿದರು. ಆಮೇಲೆ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ನಿಮ್ಮ ತಪ್ಪಲ್ಲ ಮಿಸ್ಟರ್ ಡೇಕರ್ಸ್. ನಮ್ಮ ಕಡೆಯಿಂದ ಯಾರಾದ್ರೂ ನಿಮ್ಮ ಬಾಗಿಲಿಗೆ ಬರ್ಬೇಕಿತ್ತು. ಈ ಕಛೇರಿ ನಂದು, ಅದಕ್ಕೆ ತಪ್ಪೂ ನಂದು."

ಡೇಕರ್ಸ್ ಅವರು ಹ್ಯಾಟು ತೆಗೆದು ಮತ್ತೆ ಹಾಕಿಕೊಂಡರು. "ಸೂಟು ಇಸ್ತ್ರಿ ಮಾಡಿದ್ದು ದಂಡ ಆಯ್ತಲ್ಲ," ಎಂದು ನಗುತ್ತ ಹೊರಟರು. ಬಾಗಿಲ ಬಳಿ ಒಂದು ಕ್ಷಣ ನಿಂತು, ಮತ ಹಾಕುವ ಮರದ ಗೂಡಿನ ಕಡೆ ತಿರುಗಿ ನೋಡಿದರು. ಆ ನೋಟವನ್ನು ನಾನು ಅಂದಿನ ದಿನಚರಿಯಲ್ಲಿ ಬರೆಯಲು ಹೋಗಿ ಬರೆಯದೆ ಬಿಟ್ಟೆ.

ಮರುದಿನ ಎಣಿಕೆಯಾಯಿತು. ಗೆಲುವಿನ ಅಂತರ ಇನ್ನೂರ ಹನ್ನೆರಡು. ಒಂದು ಮತದಿಂದ ಏನೂ ಆಗುತ್ತಿರಲಿಲ್ಲವೆಂದು ಯಾರೋ ಸಮಾಧಾನ ಹೇಳಿದರು. "ಫಲಿತಾಂಶಕ್ಕೆ ವ್ಯತ್ಯಾಸ ಇಲ್ಲ," ಎಂದರು ಲಾರ್ನಾ, "ಅವ್ರಿಗೆ ಇದೆ." ಮುಂದಿನ ವಾರ ತಾವೇ ಒಂಬತ್ತನೆಯ ನಂಬರಿಗೆ ಹೋಗಿ ಅವರ ಹೆಸರನ್ನು ಪಟ್ಟಿಗೆ ಸೇರಿಸಿ, ಅವರು ಕೊಟ್ಟ ಶುಂಠಿ ಕೇಕು ತಿಂದು, ಮುಂದಿನ ಚುನಾವಣೆಯಿಂದ ನಮ್ಮ ಮತಗಟ್ಟೆಯಲ್ಲಿ ಕೆಲಸ ಮಾಡುವಂತೆ ಅವರನ್ನು ಒಪ್ಪಿಸಿ ಬಂದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಆ ವರ್ಷದ ಶರತ್ಕಾಲದಲ್ಲಿ, ವಿಭಾಗದ ಮುಖ್ಯಸ್ಥೆಯಾದವರು ಎಂದೂ ಮಾಡದ ಕೆಲಸವೊಂದನ್ನು ಅವರು ಮಾಡಿದರು: ಪುಸ್ತಕ ಹಿಡಿದು ನನ್ನ ಜೊತೆಗೆ ಲಾರ್ಕ್‌ಸ್ಪರ್ ಕ್ಲೋಸಿಗೆ ನಡೆದು ಬಂದರು.

"ಮೂರು ಸಲ ತಟ್ಟು. ತಟ್ಟಿ ಎರಡು ಹೆಜ್ಜೆ ಹಿಂದೆ ಬಾ. ಬಾಗಿಲನ್ನ ದುರುಗುಟ್ಟಿ ನೋಡ್ಬೇಡ, ಅವ್ರ ಹೂವಿನ ಕುಂಡ ನೋಡ್ತಾ ನಿಲ್ಲು. ಬಾಗಿಲು ತೆಗೆದಾಗ ಕುಂಡದ ಬಗ್ಗೆ ಒಂದು ಮಾತು ಹೇಳು. ಆಮೇಲೆ ಅವ್ರೇ ಮಾತಾಡ್ತಾರೆ, ನೀನು ಬರ್ಕೊಂಡ್ರೆ ಸಾಕು."

ಹೋದ ವರ್ಷ ನಾನು 'ಉತ್ತರವಿಲ್ಲ' ಎಂದು ಬರೆದ ಮನೆಗಳಲ್ಲೊಂದಾದ ಹನ್ನೆರಡನೆಯ ನಂಬರಿನಲ್ಲಿ ತಟ್ಟಿದ್ದೇ ತಡ, ಕರುವಿನಷ್ಟು ದೊಡ್ಡ ನಾಯಿಯೊಂದು ಒಳಗಿನಿಂದ ಬಾಗಿಲಿಗೆ ಹಾರಿ, ಟಪಾಲಿನ ಸಂದಿಯಿಂದ ಮೂತಿ ಹೊರಗೆ ಹಾಕಿ ಬೀದಿಯೇ ನಡುಗುವಂತೆ ಬೊಗಳಿತು. ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ನಾಯಿ ಇರುವ ಮನೆಯ ಮುಂದೆ, ಮುಂದಿನ ವರ್ಷ ಬರುವವರ ಕಾಲು ಉಳಿಯಲೆಂದು, 'ನಾಯಿ' ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಬಾಗಿಲು ತಟ್ಟಿದವರು ಅದನ್ನು ಮರೆಯುವುದೇ ಇಲ್ಲ. ಲಾರ್ನಾ ತಮ್ಮ ಚೀಲದಿಂದ ಕೆಂಪು ಪೆನ್ನು ತೆಗೆದು ನನಗೆ ಕೊಟ್ಟರು.

"ನಾಯಿ ಅಂತ ಬರಿ. ಆರು ವರ್ಷದ ನಾಯಿ ಇದು. ಹೋದ ವರ್ಷದ ಪುಸ್ತಕದಲ್ಲಿ ಇಲ್ಲ."

ಅಷ್ಟೇ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬರೆದೆ, ಅಕ್ಷರ ಸೊಟ್ಟಗಾಯಿತು. ಅವರು ಮುಂದಿನ ಗೇಟಿನ ಕಡೆ ನಡೆದಿದ್ದರು. ಅಂದು ನಾನು ಹದಿನಾಲ್ಕು ಕುಂಡಗಳ ಬಗ್ಗೆ ಮಾತಾಡಿದೆ. ಈಗ ನನ್ನನ್ನು ಆ ಬೀದಿಯವರು ಕುಂಡದ ಹುಡುಗಿ ಎಂದೇ ಕರೆಯುತ್ತಾರೆ, ಹೊಸಬರಿಗೆ ಬಾಗಿಲು ತಟ್ಟಲು ಕಲಿಸುವ ಕೆಲಸವೂ ನನ್ನದೇ ಆಗಿದೆ.

ತಪ್ಪನ್ನು ಕಂಡುಹಿಡಿಯುವವರು ಕಛೇರಿಗಳಲ್ಲಿ ಬಹಳ ಜನ ಸಿಗುತ್ತಾರೆ. ಕಂಡುಹಿಡಿದು, ಹೊತ್ತುಕೊಂಡು, ಮಾಡಿದವರಿಗೆ ಮತ್ತೆ ಮಾಡದಂತೆ ಕಲಿಸಿ, ಅದರ ಸುದ್ದಿಯನ್ನೇ ಎತ್ತದವರು ಬಹಳ ಇಲ್ಲ. ಆದರೆ ಅವರು ಹೊತ್ತದ್ದು ಅಂದಿಗೇ ಮುಗಿಯಲಿಲ್ಲ. ಡೇಕರ್ಸ್ ಅವರು ಆಮೇಲಿನ ಎಲ್ಲ ವಾರ್ಡು ಚುನಾವಣೆಗಳಲ್ಲೂ ಸ್ಕೌಟು ಮನೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತ ಬಂದರು. ತಮ್ಮ ಬನ್ನು ಮತ್ತು ಚೀಸಿನಲ್ಲಿ ಅರ್ಧವನ್ನು ನನಗೆ ಕೊಟ್ಟರು. ಲಾರ್ನಾ ತಪಾಸಣೆಗೆ ಬಂದಾಗಲೆಲ್ಲ ಎದ್ದು ಹ್ಯಾಟು ತೆಗೆದು, ಮದುವೆಯಾದವರನ್ನೂ ಗೌರವದಿಂದ 'ಮಿಸ್' ಎನ್ನುವ ಜಮೈಕಾದ ರೂಢಿಯಂತೆ, "ಬಂದ್ರಪ್ಪಾ ನನ್ನ ವೋಟು ನುಂಗಿದ ಮಿಸ್ ಲಾರ್ನಾ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. "ಇನ್ನೂ ಜೀರ್ಣ ಆಗಿಲ್ಲ ಮಿಸ್ಟರ್ ಡೇಕರ್ಸ್," ಎಂದು ಲಾರ್ನಾ ಹೊಟ್ಟೆ ತಟ್ಟಿಕೊಂಡರು. ಎಲ್ಲರೂ ನಕ್ಕರು. ಒಳ್ಳೆಯ ತಮಾಷೆಯೇ. ಆದರೆ ನಲವತ್ತೆರಡು ವರ್ಷ ಒಂದು ಮತವನ್ನೂ ಕಳೆಯದವರು, ನನ್ನ ದೆಸೆಯಿಂದ, ವೋಟು ನುಂಗಿದವರೆಂಬ ಹೆಸರು ಹೊತ್ತು ಮನೆಗೆ ಹೋಗಲಿದ್ದರು. ಅವರು ಹೇಳುವವರಲ್ಲ. ಹೇಳಬಲ್ಲವಳು ನಾನೊಬ್ಬಳೇ.

ಲಾರ್ನಾ ಅವರು ನೂರು ವರ್ಷ ಬಾಳಲಿ. ಕುಂಡಗಳಿಗೆ ನೀರು ಹಾಕುತ್ತ, ಹಳೆಯ ಪಟ್ಟಿಗಳಿಂದ ಈ ಕ್ಷೇತ್ರದ ಕಥೆಯನ್ನು ಬರೆಯುತ್ತ, ಮತದಾನದ ದಿನ ನಮ್ಮ ಪೆನ್ಸಿಲಿನ ದಾರ ಸಡಿಲವಾಗಿದೆಯೆಂದು ಬಯ್ಯಲು ಸ್ಕೌಟು ಮನೆಗೆ ಬರುತ್ತ ಇರಲಿ. ಅವರ ಗಂಡನಿಗೆ ಎಂದಾದರೊಂದು ದಿನ ಅವರ ಮತ ಯಾರಿಗೆಂದು ತಿಳಿಯಲಿ. ಈ ಹಾರೈಕೆಯನ್ನು ನಾನು ಅವರ ಮುಖದೆದುರೇ ಹೇಳಿದ್ದೇನೆ. ಹೇಳಿದ್ದು ಕಳೆದ ಗುರುವಾರ, ಅವರ ಕೊನೆಯ ಚುನಾವಣೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ. ಅದಕ್ಕೂ ಮೊದಲು ಹೇಳಿದ್ದು ಇನ್ನೊಂದು.

ಮಾರ್ಲ್ ಹಿಲ್ ಕಡೆಯ ಮತಗಟ್ಟೆಗಳನ್ನು ಮುಗಿಸಿ ಅವರು ಸ್ಕೌಟು ಮನೆಗೆ ಬಂದಾಗ ಮತದಾರರು ಯಾರೂ ಇರಲಿಲ್ಲ. ಡೇಕರ್ಸ್ ಅವರು ಅದೇ ಬೂದು ಸೂಟಿನಲ್ಲಿ ಎದ್ದು ನಿಂತು ಹ್ಯಾಟು ತೆಗೆದರು.

"ಬಂದ್ರಪ್ಪಾ ನನ್ನ ವೋಟು ನುಂಗಿದ ಮಿಸ್ ಲಾರ್ನಾ! ನಾಳೆಯಿಂದ ಯಾರನ್ನ ಬೈಯ್ಯೋದು ನಾನು?"

ಲಾರ್ನಾ ಹೊಟ್ಟೆ ತಟ್ಟಿಕೊಳ್ಳಲು ಕೈ ಎತ್ತಿದ್ದರು. ಮೇಜಿನ ಮೇಲೆ ಯಾರೋ ಇಟ್ಟಿದ್ದ ಜೆರೇನಿಯಮ್ಮಿನ ಕುಂಡವಿತ್ತು. ನಾನು ಅದನ್ನು ನೋಡಿದೆ. ಆಮೇಲೆ ಅದನ್ನು ಬಿಟ್ಟು ಅವರಿಬ್ಬರ ಮುಖ ನೋಡಿದೆ. ಎದ್ದು ನಿಂತೆ, ಕುರ್ಚಿ ಹಿಂದಕ್ಕೆ ಬಿತ್ತು.

"ನುಂಗಿದ್ದು ಅವ್ರಲ್ಲ ಮಿಸ್ಟರ್ ಡೇಕರ್ಸ್, ನಾನು," ಎಂದೆ. "ನಾನು ನಿಮ್ಮ ಬಾಗಿಲು ತಟ್ಟಲೇ ಇಲ್ಲ."